222–0: ಆ ಕೋಚ್ ನಿಜಕ್ಕೂ ಅಷ್ಟು ಕಟುಕನೇ?

ಪ್ರಶ್ನೆ: ನನ್ನ ತಂಗಿಯ ಮಗ ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಹೋದ ವಾರ ವಿಡಿಯೋ ಕಾಲ್ ಮಾಡಿದಾಗ, ‘ಮಾವ, ನಮ್ಮ ಕಾಲೇಜು ಒಂದು ಮ್ಯಾಚನ್ನು 222–0 ಅಂತ ಗೆದ್ದಿತ್ತು ಗೊತ್ತಾ?’ ಅಂದ. ಆ ತಂಡದ ಕೋಚ್ ಜಾನ್ ಹೈಸ್‌ಮನ್ ಅಂತೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ ಅವನ ಹೆಸರಿನಲ್ಲೇ ಇದೆಯಂತೆ. ನಾನು ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ಸೋತು ಸುಣ್ಣವಾದ ಹುಡುಗರ ಮೇಲೆ ಹೀಗೆ ಆಡಿಸಿದವನ ಹೆಸರು ಪ್ರಶಸ್ತಿಗೆ ಯಾಕೆ? ಅವನು ಬೇರೆ ಏನು ಮಾಡಿದ್ದ? — ನಿವೃತ್ತ ದೈಹಿಕ ಶಿಕ್ಷಕರು, ಹಾಸನ

ಉತ್ತರ: ಮೇಷ್ಟ್ರೇ, ನಿಮ್ಮ ಸೋದರಳಿಯ ಹೇಳಿದ್ದು ನಿಜ. 1916ರ ಅಕ್ಟೋಬರ್ 7, ಅಟ್ಲಾಂಟಾದ ಗ್ರ್ಯಾಂಟ್ ಫೀಲ್ಡ್. ಜಾರ್ಜಿಯಾ ಟೆಕ್ 222, ಕಂಬರ್‌ಲ್ಯಾಂಡ್ 0. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಇವತ್ತಿಗೂ ಇದಕ್ಕಿಂತ ದೊಡ್ಡ ಅಂತರದ ಗೆಲುವಿಲ್ಲ. ಆದರೆ ಅವನು ಹೇಳದೇ ಬಿಟ್ಟ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನ ಟೆಕ್ ತಂಡ ಒಂದೇ ಒಂದು ಪಾಸ್ ಕೂಡ ಎಸೆಯಲಿಲ್ಲ. ಚೆಂಡನ್ನು ಮುಂದಕ್ಕೆ ಎಸೆಯಲು ಬಿಡಿ ಅಂತ ವರ್ಷಗಟ್ಟಲೆ ನಿಯಮ ಮಾಡುವವರ ಬೆನ್ನು ಬಿದ್ದಿದ್ದನಲ್ಲ, ಅದೇ ಮನುಷ್ಯನ ತಂಡ ಅದು. ಹೈಸ್‌ಮನ್‌ನ ಕತೆಯಲ್ಲಿ ನನ್ನನ್ನು ಕಾಡುವುದು ಇದು. ಸ್ಕೋರು ಆಮೇಲಿನ ಮಾತು.

ಮೊದಲು ಆಟದ ಬಗ್ಗೆ ನಾಲ್ಕು ಮಾತು. ನಿಮಗೆ ಗೊತ್ತಿರಬಹುದು, ಬೇರೆ ಓದುಗರಿಗೆ ಬೇಕಾಗುತ್ತದೆ. ಅಮೆರಿಕದವರು ಫುಟ್‌ಬಾಲ್ ಅನ್ನುವುದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ಒಂದೊಂದು ಕಡೆಗೆ 11 ಜನ. ಚೆಂಡು ನಿಮ್ಮ ಕೈಯಲ್ಲಿದ್ದರೆ ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಅದು ಫಸ್ಟ್ ಡೌನ್, ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಹೋಗದಿದ್ದರೆ ಚೆಂಡು ಎದುರಾಳಿಗೆ. ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್. ಇವತ್ತು ಟಿವಿಯಲ್ಲಿ ನೋಡಿದರೆ ಕ್ವಾರ್ಟರ್‌ಬ್ಯಾಕ್ ಅನ್ನುವವನು ಚೆಂಡನ್ನು ಎತ್ತಿ ದೂರಕ್ಕೆ ಎಸೆಯುತ್ತಾನೆ, ಇನ್ನೊಬ್ಬ ಓಡಿಹೋಗಿ ಗಾಳಿಯಲ್ಲೇ ಹಿಡಿಯುತ್ತಾನೆ. ಆಟದ ಸೊಗಸೇ ಅದು, ಅಲ್ವಾ? 1906ಕ್ಕೆ ಮೊದಲು ಹಾಗೆ ಎಸೆಯುವುದು ನಿಯಮಕ್ಕೆ ವಿರುದ್ಧವಾಗಿತ್ತು.

ಆಗ ಮೂರು ಪ್ರಯತ್ನದಲ್ಲಿ ಬರೀ ಐದು ಗಜ ಹೋದರೆ ಸಾಕಿತ್ತು. ಅದಕ್ಕೆ ಜಾಣತನ ಬೇಕಿಲ್ಲ, ಮೈಭಾರ ಬೇಕು. ಚೆಂಡು ಹಿಡಿದವನನ್ನು ನಡುವೆ ಹಾಕಿಕೊಂಡು, ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು, ಇಡೀ ತಂಡ ಒಂದೇ ಕಡೆ ನುಗ್ಗುತ್ತಿತ್ತು. ಎದುರಿಗೆ ಸಿಕ್ಕವನ ಗತಿ ದೇವರಿಗೇ ಪ್ರೀತಿ. ಹೆಲ್ಮೆಟ್ ಕಡ್ಡಾಯವಿರಲಿಲ್ಲ. ಮೂಳೆ ಮುರಿಯುವುದು ಮಾಮೂಲು. ಪ್ರತಿ ವರ್ಷ ಒಂದಷ್ಟು ಹುಡುಗರು ಮೈದಾನದಲ್ಲಿ ಪೆಟ್ಟು ತಿಂದು ಸಾಯುತ್ತಿದ್ದರು.

ಹೈಸ್‌ಮನ್ ಹುಟ್ಟಿದ್ದು 1869ರ ಅಕ್ಟೋಬರ್ 23ರಂದು, ಓಹಿಯೋದ ಕ್ಲೀವ್‌ಲ್ಯಾಂಡ್‌ನಲ್ಲಿ. ಅದೇ ವರ್ಷ ನವೆಂಬರ್ 6ಕ್ಕೆ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದ ಆಟವನ್ನು ಅಮೆರಿಕದ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ಅನ್ನುತ್ತಾರೆ. ಅಂದರೆ ಆಟಕ್ಕಿಂತ ಆತ ಎರಡು ವಾರ ದೊಡ್ಡವನು. ಅಪ್ಪ ಜರ್ಮನಿಯಿಂದ ಬಂದವನು, ಪೀಪಾಯಿ ಮಾಡುವ ಕಸುಬು. ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಸುತ್ತ ನೆಲದಿಂದ ಎಣ್ಣೆ ತೆಗೆಯುವ ಭರಾಟೆ ಇತ್ತು. ಎಣ್ಣೆ ತುಂಬಲು ಪೀಪಾಯಿ ಬೇಕೇ ಬೇಕು. ಹಾಗಾಗಿ ಸಂಸಾರ ಅಲ್ಲಿಗೆ ಹೋಯಿತು. ಮಗ ಓದಿನಲ್ಲಿ ಚುರುಕು, ಭಾಷಣದಲ್ಲಿ ಇನ್ನೂ ಚುರುಕು, ನಾಟಕದ ಹುಚ್ಚು ಬೇರೆ. ಅಪ್ಪನಿಗೆ ಫುಟ್‌ಬಾಲ್ ಕಂಡರೆ ಆಗುತ್ತಿರಲಿಲ್ಲ. ಇದು ಮೃಗಗಳ ಆಟ ಅಂತ ಮಗ ಆಡುವುದನ್ನು ನೋಡಲೂ ಹೋಗಲಿಲ್ಲವಂತೆ.

ಮಗ ಬ್ರೌನ್ ಕಾಲೇಜಿನಲ್ಲಿ ಆಡಿದ, ಆಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಕಾನೂನು ಓದಲು ಹೋದ. ಮೈತೂಕ ಸುಮಾರು 72 ಕೆ.ಜಿ. ಆ ಕಾಲದ ಫುಟ್‌ಬಾಲ್‌ಗೆ ಅದು ಏನೇನೂ ಸಾಲದು, ಅದೂ ಮುಂದಿನ ಸಾಲಿನಲ್ಲಿ ನಿಂತು ಗುದ್ದಾಡುವವನಿಗೆ. ಗುಂಪಾಗಿ ಮೇಲೆ ಬೀಳುವ ಆಟ ಸಣ್ಣ ಮೈಯವನಿಗೆ ಹೇಗಿರುತ್ತದೆ ಅಂತ ಆತ ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಮುಂದೆ ಆತ ಮಾಡಿದ್ದಕ್ಕೆಲ್ಲ ಬೇರು ಇಲ್ಲೇ ಇದೆ ಅಂತ ನನ್ನ ಲೆಕ್ಕ.

ಕಾನೂನು ಪದವಿ ಸಿಕ್ಕಿತು, ವಕೀಲಿ ಮಾಡಲಿಲ್ಲ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಒಳಗೆ ದೀಪದ ಬೆಳಕಿನಲ್ಲಿ ಆಡಿ ಕಣ್ಣಿಗೆ ಪೆಟ್ಟಾಯಿತು, ಕೊನೆಯ ಪರೀಕ್ಷೆಯನ್ನು ಬಾಯಲ್ಲೇ ಹೇಳಿ ಪಾಸಾದ ಅಂತ ಕತೆ ಇದೆ. ಕಣ್ಣಿಗೆ ವಿಶ್ರಾಂತಿ ಬೇಕು ಅಂದಾಗ 1892ರಲ್ಲಿ ಓಹಿಯೋದ ಓಬರ್ಲಿನ್ ಕಾಲೇಜಿಗೆ ಕೋಚ್ ಆಗಿ ಹೋದ. ಕೋಚ್ ಅನ್ನುವುದು ಆಗ ಒಂದು ಉದ್ಯೋಗವೇ ಅಲ್ಲ. ಹಳೆಯ ಆಟಗಾರ ಬಂದು ಎರಡು ತಿಂಗಳು ಹುಡುಗರಿಗೆ ಹೇಳಿಕೊಟ್ಟು ಹೋಗುವುದು, ಅಷ್ಟೇ.

ಮೊದಲ ವರ್ಷವೇ ಓಬರ್ಲಿನ್ ಆಡಿದ ಏಳೂ ಪಂದ್ಯ ಗೆದ್ದಿತು. ಇವತ್ತು ದೈತ್ಯನಂತಿರುವ ಓಹಿಯೋ ಸ್ಟೇಟ್ ತಂಡವನ್ನು ಆ ವರ್ಷ ಎರಡು ಸಲ ಬಡಿದರು, 40–0 ಮತ್ತು 50–0. ಏಳರಲ್ಲಿ ಒಂದು ಗೆಲುವಿನ ಬಗ್ಗೆ ಮಾತ್ರ ಜಗಳ ಇನ್ನೂ ಮುಗಿದಿಲ್ಲ. ಮಿಷಿಗನ್ ತಂಡದ ಊರಿಗೆ ಹೋಗಿ ಆಡುತ್ತಿದ್ದರು. ಕೊನೆಯ ರೈಲು ಹಿಡಿಯಬೇಕಿತ್ತು, ಅದಕ್ಕೆ ಸಂಜೆ 4.50ಕ್ಕೆ ಆಟ ನಿಲ್ಲಿಸೋಣ ಅಂತ ಮೊದಲೇ ಮಾತಾಗಿತ್ತು. ಓಬರ್ಲಿನ್ 24–22ರಲ್ಲಿ ಮುಂದಿದ್ದಾಗ ಓಬರ್ಲಿನ್ ಕಡೆಯ ರೆಫ್ರಿ ಟೈಮ್ ಆಯ್ತು ಅಂದ. ಹುಡುಗರು ಗಂಟುಮೂಟೆ ಕಟ್ಟಿ ರೈಲಿಗೆ ಓಡಿದರು. ಮಿಷಿಗನ್ ಕಡೆಯ ಅಂಪೈರ್, ಇನ್ನೂ ನಾಲ್ಕು ನಿಮಿಷ ಇದೆ ಅಂದ. ಎದುರಿಗೆ ಒಬ್ಬನೂ ಇಲ್ಲದ ಮೈದಾನದಲ್ಲಿ ಮಿಷಿಗನ್‌ನವರು ನಡೆದುಕೊಂಡು ಹೋಗಿ ಟಚ್‌ಡೌನ್ ಮಾಡಿದರು. 26–24, ನಾವೇ ಗೆದ್ದೆವು ಅಂದರು. ಎರಡೂ ಕಾಲೇಜಿನ ದಾಖಲೆ ಪುಸ್ತಕದಲ್ಲಿ ಆ ದಿನ ಗೆಲುವೇ ಬರೆದಿದೆ. ಇಂಥ ರೆಫ್ರಿಗಳನ್ನು ನೀವೂ ತಾಲ್ಲೂಕು ಮಟ್ಟದಲ್ಲಿ ಕಂಡಿರುತ್ತೀರಿ ಬಿಡಿ.

ಮುಂದಿನ ವರ್ಷ ಬುಕ್ಟೆಲ್ ಕಾಲೇಜು, ಇವತ್ತಿನ ಆಕ್ರನ್ ವಿಶ್ವವಿದ್ಯಾಲಯ. ಆಗ ಆಟ ಶುರು ಮಾಡುವಾಗ ಸೆಂಟರ್ ಆಟಗಾರ ಚೆಂಡನ್ನು ನೆಲದ ಮೇಲೆ ಹಿಂದಕ್ಕೆ ಉರುಳಿಸುತ್ತಿದ್ದ. ಬುಕ್ಟೆಲ್‌ನ ಕ್ವಾರ್ಟರ್‌ಬ್ಯಾಕ್ ತುಂಬಾ ಎತ್ತರದ ಹುಡುಗ, ಪ್ರತಿ ಸಲ ಬಗ್ಗಿ ಎತ್ತಿಕೊಳ್ಳಲು ಕಷ್ಟಪಡುತ್ತಿದ್ದ. ಉರುಳಿಸಬೇಡ, ಕೈಗೇ ಎಸೆ ಅಂದ ಹೈಸ್‌ಮನ್. ಈಗ ಆ ಆಟದ ಪ್ರತಿ ಪ್ರಯತ್ನವೂ ಹಾಗೇ ಶುರುವಾಗುತ್ತದೆ. ಎಲ್ಲಿಯದೋ ಒಬ್ಬ ಹುಡುಗನ ಬೆನ್ನುನೋವು ನೋಡಿ ಮಾಡಿದ ಸಣ್ಣ ಬದಲಾವಣೆ.

ಒಂದು ಎಚ್ಚರಿಕೆ ಹೇಳಬೇಕು. ಹೈಸ್‌ಮನ್ ಕಂಡುಹಿಡಿದ ಅನ್ನುವ ಪಟ್ಟಿ ಉದ್ದವಿದೆ. ಆಟ ಶುರು ಮಾಡಲು ಬಾಯಲ್ಲಿ ಕೂಗುವ ಸೂಚನೆ, ಆಟವನ್ನು ನಾಲ್ಕು ಭಾಗ ಮಾಡಿದ್ದು, ಸ್ಕೋರ್‌ಬೋರ್ಡ್‌ನಲ್ಲಿ ಎಷ್ಟನೇ ಪ್ರಯತ್ನ ಅಂತ ತೋರಿಸಿದ್ದು, ಹೀಗೆ. ಇದರಲ್ಲಿ ಎಷ್ಟೋ ಕತೆಗಳನ್ನು ಆತನೇ ವಯಸ್ಸಾದ ಮೇಲೆ ಕಾಲಿಯರ್ಸ್ ಪತ್ರಿಕೆಗೆ ಬರೆದದ್ದು. ನಾಟಕದವನು, ಚೆನ್ನಾಗಿ ಬರೆಯುತ್ತಿದ್ದ. ಅದೇ ಹೊತ್ತಿಗೆ ಬೇರೆ ಊರಿನಲ್ಲಿ ಬೇರೆಯವರೂ ಅದೇ ಯೋಚನೆ ಮಾಡಿರಬಹುದು. ಹೊಸ ಆಟದಲ್ಲಿ ಹಾಗಾಗುವುದು ಸಹಜ.

1894ರ ಕೊನೆಗೆ ಆತ ಫುಟ್‌ಬಾಲ್ ಬಿಟ್ಟು ಟೆಕ್ಸಾಸ್‌ನಲ್ಲಿ ಟೊಮೆಟೊ ಬೆಳೆಯಲು ದುಡ್ಡು ಹಾಕಿದ. ಕೈ ಸುಟ್ಟುಕೊಂಡ. ಟೊಮೆಟೊ ನಂಬಿ ಕೈ ಸುಟ್ಟುಕೊಂಡವರು ನಮ್ಮಲ್ಲಿ ಕಮ್ಮಿಯೇ? ಆ ಹೊತ್ತಿಗೆ ಅಲಬಾಮಾದ ಆಬರ್ನ್ ಕಾಲೇಜಿನವರು ಕೋಚ್ ಹುಡುಕುತ್ತಿದ್ದರು. 1895ರಲ್ಲಿ ಆತ ದಕ್ಷಿಣಕ್ಕೆ ಬಂದ. ಮುಂದಿನ 25 ವರ್ಷ ಅಲ್ಲೇ.

ಆಬರ್ನ್‌ನ ಐದು ವರ್ಷಗಳಲ್ಲಿ ತಮಾಷೆ ಜಾಸ್ತಿ. 1895ರಲ್ಲಿ ವ್ಯಾಂಡರ್‌ಬಿಲ್ಟ್ ಮೇಲೆ ಆಡುವಾಗ ಆತನ ಹುಡುಗರು ಸುತ್ತುಗಟ್ಟಿ ನಿಂತರು, ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಅಂಗಿಯೊಳಗೆ ತುರುಕಿಕೊಂಡ, ಬೇರೆಯವರು ಬೇರೆ ಬೇರೆ ದಿಕ್ಕಿಗೆ ಓಡಿದರು. ಎದುರಾಳಿಗಳು ಅವರ ಹಿಂದೆ. ಇವನು ನಿಧಾನಕ್ಕೆ ಎದ್ದು ಗೆರೆ ದಾಟಿದ. ಪಂದ್ಯ ಮಾತ್ರ 9–6ರಲ್ಲಿ ಸೋತರು. 1896ರಲ್ಲಿ ಜಾರ್ಜಿಯಾ ಟೆಕ್ ತಂಡ ಆಬರ್ನ್‌ಗೆ ರೈಲಿನಲ್ಲಿ ಬರಬೇಕಿತ್ತು. ಆಬರ್ನ್ ವಿದ್ಯಾರ್ಥಿಗಳು ರಾತ್ರಿ ಎದ್ದು ಹೋಗಿ ಹಳಿಗೆ ಕೊಬ್ಬು ಸವರಿದರು. ರೈಲು ಬ್ರೇಕ್ ಹಿಡಿಯದೆ ಸ್ಟೇಷನ್ ದಾಟಿ ಜಾರಿ ಹೋಯಿತು. ಟೆಕ್ ಹುಡುಗರು ಸುಮಾರು 8 ಕಿ.ಮೀ. ನಡೆದುಕೊಂಡು ವಾಪಸ್ ಬಂದು 45–0ರಲ್ಲಿ ಸೋತರು. ಇದರಲ್ಲಿ ಹೈಸ್‌ಮನ್ ಕೈ ಇರಲಿಲ್ಲ. ಆ ರಾತ್ರಿ ವಿದ್ಯಾರ್ಥಿಗಳು ಪೈಜಾಮದಲ್ಲೇ ಹೋಗಿದ್ದರು ಅನ್ನುವ ನೆನಪಿಗೆ ಆಬರ್ನ್‌ನಲ್ಲಿ ಪೈಜಾಮ ಮೆರವಣಿಗೆ ಮಾಡುವ ಪದ್ಧತಿಯೇ ಬಂತು. ತಂಡಕ್ಕೆ ಸಾಲವಾದಾಗ ಕೋಚ್ ಮಾಡಿದ್ದೇನು ಗೊತ್ತೇ? ವಿದ್ಯಾರ್ಥಿಗಳನ್ನು ಸೇರಿಸಿ ನಾಟಕ ಆಡಿಸಿ ದುಡ್ಡು ಎತ್ತಿದ. ಬೇಸಿಗೆಯಲ್ಲಿ ತಾನೇ ನಾಟಕ ಕಂಪನಿಗಳಲ್ಲಿ ಪಾತ್ರ ಮಾಡುತ್ತಿದ್ದ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1895ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾದಲ್ಲಿ ನಾರ್ತ್ ಕ್ಯಾರೊಲಿನಾ ಮತ್ತು ಜಾರ್ಜಿಯಾ ನಡುವೆ ಆಟ. ಹೈಸ್‌ಮನ್ ಬರೆದಿರುವ ಪ್ರಕಾರ ಆತ ಅಂಚಿನಲ್ಲಿ ನಿಂತು ನೋಡುತ್ತಿದ್ದ. ಕ್ಯಾರೊಲಿನಾದವನು ಚೆಂಡನ್ನು ಒದೆಯಲು ಹಿಂದೆ ಸರಿದಿದ್ದ. ಜಾರ್ಜಿಯಾದವರು ಮೈಮೇಲೆ ಬಂದರು. ಒದೆಯಲು ಜಾಗವಿಲ್ಲ. ಗಾಬರಿಯಲ್ಲಿ ಚೆಂಡನ್ನು ಮುಂದಕ್ಕೆ ಎಸೆದುಬಿಟ್ಟ. ಅವನ ಕಡೆಯ ಇನ್ನೊಬ್ಬ ಅದನ್ನು ಹಿಡಿದು 70 ಗಜ ಓಡಿ ಟಚ್‌ಡೌನ್ ಮಾಡಿದ. ಸ್ಪಷ್ಟವಾಗಿ ತಪ್ಪು ಆಟ. ಜಾರ್ಜಿಯಾ ಕೋಚ್ ಕೂಗಾಡಿದ. ರೆಫ್ರಿ, ಎಸೆದದ್ದನ್ನು ನಾನು ನೋಡಲಿಲ್ಲ ಅಂದ. ಕ್ಯಾರೊಲಿನಾ 6–0ರಲ್ಲಿ ಗೆದ್ದಿತು. ಕೂಗಾಡಿದ ಆ ಕೋಚ್ ಯಾರು ಅಂದರೆ, ಮುಂದೆ ತಾನೂ ಬಹಳ ದೊಡ್ಡ ಹೆಸರಾದ ಪಾಪ್ ವಾರ್ನರ್. ಈ ಹೆಸರು ನೆನಪಿಟ್ಟುಕೊಳ್ಳಿ, ಇನ್ನೊಮ್ಮೆ ಬರುತ್ತದೆ.

ವಾರ್ನರ್ ಕಂಡದ್ದು ಮೋಸ. ಹೈಸ್‌ಮನ್ ಕಂಡದ್ದು ಬೇರೆ. ಚೆಂಡು ಗಾಳಿಗೆ ಹೋದ ಕೂಡಲೇ ಒಂದೇ ಕಡೆ ಗುಂಪುಗಟ್ಟಿದ್ದವರೆಲ್ಲ ಚದುರಿಹೋದರು. ಎಸೆತಕ್ಕೆ ಅವಕಾಶ ಕೊಟ್ಟರೆ ರಕ್ಷಣೆಗೆ ನಿಂತವರು ಇಡೀ ಮೈದಾನ ಕಾಯಬೇಕು. ಆಗ ಇಪ್ಪತ್ತೆರಡು ಜನ ಒಂದೇ ಜಾಗದಲ್ಲಿ ಒಬ್ಬರ ಮೇಲೊಬ್ಬರು ಬೀಳುವುದು ತಾನಾಗೇ ಕಮ್ಮಿಯಾಗುತ್ತದೆ. ಗುದ್ದಾಟ ಬೇಡ ಅಂತ ಬುದ್ಧಿ ಹೇಳಿದರೆ ಯಾರೂ ಕೇಳುವುದಿಲ್ಲ. ಗುದ್ದಾಡಿದರೆ ಲಾಭವಿಲ್ಲ ಅನ್ನುವ ಹಾಗೆ ಆಟವನ್ನೇ ಬದಲಾಯಿಸಬೇಕು. ಕಾನೂನು ಓದಿದವನ ತಲೆ ಅಂದರೆ ಇದು.

ಎರಡು ವರ್ಷ ಕಳೆದ ಮೇಲೆ, 1897ರ ಅಕ್ಟೋಬರ್‌ನಲ್ಲಿ, ಅದೇ ಅಟ್ಲಾಂಟಾದಲ್ಲಿ ವರ್ಜೀನಿಯಾ ಮೇಲೆ ಆಡುವಾಗ ಜಾರ್ಜಿಯಾ ತಂಡದ ವಾನ್ ಗ್ಯಾಮನ್ ಅನ್ನುವ ಹುಡುಗ ತಲೆಗೆ ಪೆಟ್ಟಾಗಿ ತೀರಿಕೊಂಡ. ಜಾರ್ಜಿಯಾದ ಶಾಸನಸಭೆ ಫುಟ್‌ಬಾಲ್ ನಿಷೇಧಿಸುವ ಮಸೂದೆ ಪಾಸು ಮಾಡಿತು. ಗವರ್ನರ್ ಸಹಿ ಹಾಕಿದ್ದರೆ ಆ ರಾಜ್ಯದಲ್ಲಿ ಆಟ ಅಲ್ಲಿಗೇ ಮುಗಿಯುತ್ತಿತ್ತು, ಟೆಕ್‌ನ ಕತೆಯೂ ಇರುತ್ತಿರಲಿಲ್ಲ. ತಡೆದದ್ದು ಸತ್ತ ಹುಡುಗನ ತಾಯಿ. ನನ್ನ ಮಗ ಪ್ರೀತಿಸಿದ ಆಟವನ್ನು ಅವನ ಹೆಸರಲ್ಲಿ ನಿಲ್ಲಿಸಬೇಡಿ ಅಂತ ಆಕೆ ಪತ್ರ ಬರೆದರು. ಗವರ್ನರ್ ಮಸೂದೆಯನ್ನು ತಿರಸ್ಕರಿಸಿದರು.

ಆಗ ಆಟದ ನಿಯಮವೆಲ್ಲ ಪೂರ್ವದ ದೊಡ್ಡ ಕಾಲೇಜುಗಳ ಕೈಯಲ್ಲಿತ್ತು. ಅದರ ಯಜಮಾನ ಅಂದರೆ ಯೇಲ್‌ನ ವಾಲ್ಟರ್ ಕ್ಯಾಂಪ್. ಹೈಸ್‌ಮನ್ ಆತನಿಗೆ ಪತ್ರ ಬರೆದ, ಮುಂದೆಸೆತಕ್ಕೆ ಅವಕಾಶ ಕೊಡಿ ಅಂತ. ಕ್ಯಾಂಪ್‌ಗೆ ಇಷ್ಟವಿಲ್ಲ. ದಕ್ಷಿಣದ ಯಾವುದೋ ಸಣ್ಣ ಕಾಲೇಜಿನ ಕೋಚ್ ಮಾತಿಗೆ ಯೇಲ್‌ನಲ್ಲಿ ಎಷ್ಟು ತೂಕ ಇರುತ್ತದೆ, ನೀವೇ ಹೇಳಿ. ಈತ ಬಿಡಲಿಲ್ಲ, ಮತ್ತೆ ಬರೆದ, ಪತ್ರಿಕೆಗಳಲ್ಲೂ ಬರೆದ.

1905ರಲ್ಲಿ ಸಾವುಗಳು ಎಷ್ಟು ಗದ್ದಲ ಎಬ್ಬಿಸಿದವು ಅಂದರೆ ಅಧ್ಯಕ್ಷ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೇ ಕರೆಸಿ ಮಾತಾಡಿದರು. ಕೆಲವು ಕಾಲೇಜುಗಳು ಆಟ ಬಿಟ್ಟೇಬಿಟ್ಟವು. 1906ರಲ್ಲಿ ನಿಯಮ ಬದಲಾಯಿತು. ಐದು ಗಜದ ಬದಲು 10 ಗಜ. ಎರಡು ತಂಡಗಳ ನಡುವೆ ಚೆಂಡಿನ ಉದ್ದದಷ್ಟು ಖಾಲಿ ಜಾಗ. ಮತ್ತೆ ಮುಂದೆಸೆತಕ್ಕೆ ಒಪ್ಪಿಗೆ. ಹೈಸ್‌ಮನ್ ಒಬ್ಬನಿಂದಲೇ ಇದೆಲ್ಲ ಆಯಿತು ಅಂದರೆ ಸುಳ್ಳಾಗುತ್ತದೆ. ಕೇಳಿದವರು ಬೇರೆಯವರೂ ಇದ್ದರು. ಆದರೆ ಇಷ್ಟು ಮೊದಲೇ, ಇಷ್ಟು ಹಟ ಹಿಡಿದು ಕೇಳಿದವರು ಕಮ್ಮಿ.

ಒಪ್ಪಿಗೆ ಕೊಟ್ಟರೂ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟರು. ಎಸೆದ ಚೆಂಡು ಯಾರ ಕೈಗೂ ತಾಗದೆ ನೆಲಕ್ಕೆ ಬಿದ್ದರೆ ಅದು ಸೀದಾ ಎದುರಾಳಿಗೆ. ಇಷ್ಟು ರಿಸ್ಕ್ ಇದ್ದರೆ ಯಾರು ಎಸೆಯುತ್ತಾರೆ? ಆ ವರ್ಷ ಧೈರ್ಯ ಮಾಡಿದ್ದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಕೋಚ್ ಎಡ್ಡಿ ಕಾಕಮ್ಸ್. ದೇಶದ ಕಣ್ಣು ತೆರೆದದ್ದು 1913ರಲ್ಲಿ, ನೋಟ್ರ್‌ಡೇಮ್ ತಂಡ ಪಾಸ್ ಎಸೆದೆಸೆದು ಆರ್ಮಿಯನ್ನು, ಅಂದರೆ ಅಮೆರಿಕದ ಸೈನಿಕ ಅಕಾಡೆಮಿಯ ತಂಡವನ್ನು, 35–13ರಲ್ಲಿ ಸೋಲಿಸಿದಾಗ. ಪಾಸ್‌ಗಾಗಿ ಕಾಗದ ಬರೆದು ಬರೆದು ಇಟ್ಟ ಹೈಸ್‌ಮನ್ ಸ್ವತಃ ಓಟದ ಆಟವನ್ನೇ ಜಾಸ್ತಿ ಆಡಿಸಿದ. ವಿಚಿತ್ರ ಅನ್ನಿಸಬಹುದು. ನನಗೇನೋ ಹಾಗನ್ನಿಸುವುದಿಲ್ಲ. ಆತ ಪಾಸ್ ಕೇಳಿದ್ದು ಎಸೆಯುವ ಆಸೆಯಿಂದಲ್ಲ. ಎಸೆದಾರು ಅನ್ನುವ ಭಯದಲ್ಲಿ ಎದುರಾಳಿ ಚದುರಲಿ, ತನ್ನ ಚುರುಕು ಹುಡುಗರಿಗೆ ಓಡಲು ದಾರಿ ಆಗಲಿ ಅಂತ.

ಇಷ್ಟರಲ್ಲಿ ಆತ ಕಾಲೇಜು ಬದಲಾಯಿಸಿದ್ದ. 1900ರಿಂದ 1903ರವರೆಗೆ ಸೌತ್ ಕ್ಯಾರೊಲಿನಾದ ಕ್ಲೆಮ್ಸನ್‌ನಲ್ಲಿದ್ದ, ಅಲ್ಲಿ ಸೋತದ್ದು ಮೂರೇ ಪಂದ್ಯ. ಅಲ್ಲಿಯ ಒಂದು ಕಿತಾಪತಿ ಹೇಳಲೇಬೇಕು. 1902ರಲ್ಲಿ ಟೆಕ್ ಜೊತೆ ಪಂದ್ಯ. ಹಿಂದಿನ ದಿನ ಕ್ಲೆಮ್ಸನ್ ಹುಡುಗರು ಅಂತ ಒಂದು ಗುಂಪು ಅಟ್ಲಾಂಟಾದಲ್ಲಿ ಇಳಿಯಿತು. ಟೆಕ್ ಅಭಿಮಾನಿಗಳು, ಇವರಿಗೆ ಚೆನ್ನಾಗಿ ಕುಡಿಸಿದರೆ ನಾಳೆ ಎದ್ದು ನಿಲ್ಲಲೂ ಆಗದು ಅಂತ ರಾತ್ರಿಯೆಲ್ಲ ಉಪಚಾರ ಮಾಡಿದರು. ಬಂದವರು ಆಡುವವರೇ ಅಲ್ಲ. ನಿಜವಾದ ತಂಡ ಲೂಲಾ ಅನ್ನುವ ಊರಿನಲ್ಲಿ ಹಾಯಾಗಿ ಮಲಗಿತ್ತು. ಮರುದಿನ ಬಂದು 44–5ರಲ್ಲಿ ಗೆದ್ದು ಹೋಯಿತು. ಮುಂದಿನ ವರ್ಷ ಕ್ಲೆಮ್ಸನ್ 73–0. ಟೆಕ್‌ನವರಿಗೆ ಸಾಕಾಯಿತು. ಸೋಲಿಸಿದವನನ್ನೇ ಕರೆದುಕೊಂಡು ಬರೋಣ ಅಂತ ತೀರ್ಮಾನ ಮಾಡಿದರು. ವರ್ಷಕ್ಕೆ 2,250 ಡಾಲರ್ ಸಂಬಳ, ಜೊತೆಗೆ ಟಿಕೆಟ್ ಹಣದಲ್ಲಿ ಶೇ. 30ರಷ್ಟು ಪಾಲು. ಕೋಚ್ ಅನ್ನುವುದು ಪೂರ್ಣಾವಧಿ ಉದ್ಯೋಗವಾದದ್ದು ಇಂಥ ಒಪ್ಪಂದಗಳಿಂದ.

ಟೆಕ್‌ನಲ್ಲಿ ಆತ 1904ರಿಂದ 1919ರವರೆಗೆ ಇದ್ದ. ಅಭ್ಯಾಸದ ಸಮಯದಲ್ಲಿ ಆತ ಹೇಗಿದ್ದ ಅನ್ನುವುದಕ್ಕೆ ನಿಮಗೆ ಖುಷಿಯಾಗುವ ವಿವರಗಳಿವೆ. ಸೀಸನ್ನಿನ ದಿನಗಳಲ್ಲಿ ಹುಡುಗರು ಬಿಸಿನೀರು, ಸೋಪು ಮುಟ್ಟುವಂತಿಲ್ಲ, ಮೈ ಮೆತ್ತಗಾಗುತ್ತದೆ ಅಂತ. ಕಾಫಿ ಬೇಡ, ಹಂದಿಮಾಂಸ ಬೇಡ, ಸಿಹಿ ತಿಂಡಿ ಬೇಡ. ಸೇಬನ್ನೂ ಬೇಡ ಅಂದನಂತೆ, ಅದ್ಯಾಕೋ! ವರ್ಷದ ಮೊದಲ ದಿನ ಚೆಂಡನ್ನು ಕೈಯಲ್ಲಿ ಎತ್ತಿ ಹಿಡಿದು, ರಂಗದ ಮೇಲಿನ ನಟನ ಧ್ವನಿಯಲ್ಲಿ, ಇದೇನು ಅಂತ ಕೇಳುತ್ತಿದ್ದ. ಚರ್ಮ, ಒಳಗಿನ ರಬ್ಬರು ಎಲ್ಲ ವಿವರಿಸಿ ಆಮೇಲೆ ಹೇಳುತ್ತಿದ್ದ ಮಾತು ಪ್ರಸಿದ್ಧ: ಈ ಚೆಂಡನ್ನು ಕೈಯಿಂದ ಬೀಳಿಸುವುದಕ್ಕಿಂತ ಚಿಕ್ಕ ಹುಡುಗನಾಗಿದ್ದಾಗಲೇ ಸತ್ತಿದ್ದರೆ ಮೇಲು. ಕೋಚ್ ಅನ್ನುವವನು ಸರ್ವಾಧಿಕಾರಿಯೇ ಆಗಿರಬೇಕು, ದಯವಿಟ್ಟು ಅನ್ನಲು ಪುರಸೊತ್ತಿಲ್ಲ ಅನ್ನುವುದು ಆತನ ವಾದ.

ಈಗ 222. 1916ರ ವಸಂತದಲ್ಲಿ ಬೇಸ್‌ಬಾಲ್ ಪಂದ್ಯದಲ್ಲಿ ಟೆನೆಸಿಯ ಕಂಬರ್‌ಲ್ಯಾಂಡ್ ಕಾಲೇಜು ಟೆಕ್ ತಂಡವನ್ನು 22–0ರಲ್ಲಿ ಸೋಲಿಸಿತ್ತು. ಟೆಕ್‌ನ ಬೇಸ್‌ಬಾಲ್ ಕೋಚ್ ಕೂಡ ಹೈಸ್‌ಮನ್‌ನೇ. ಕಂಬರ್‌ಲ್ಯಾಂಡ್‌ನವರು ದುಡ್ಡಿಗೆ ಆಡುವ ವೃತ್ತಿ ಆಟಗಾರರನ್ನು ವಿದ್ಯಾರ್ಥಿಗಳು ಅಂತ ಇಳಿಸಿದ್ದರು ಅನ್ನುವ ಸಿಟ್ಟು ಆತನಿಗೆ. ಅದಾದ ಮೇಲೆ ಕಂಬರ್‌ಲ್ಯಾಂಡ್ ತನ್ನ ಫುಟ್‌ಬಾಲ್ ತಂಡವನ್ನೇ ನಿಲ್ಲಿಸಿತು. ಟೆಕ್ ಜೊತೆ ಮೊದಲೇ ಆಗಿದ್ದ ಪಂದ್ಯದ ಒಪ್ಪಂದ ಮಾತ್ರ ಉಳಿದಿತ್ತು. ಹೈಸ್‌ಮನ್ ಬಿಡಲಿಲ್ಲ. ಬಂದರೆ 500 ಡಾಲರ್ ಖರ್ಚು ಕೊಡುತ್ತೇವೆ, ಬರದಿದ್ದರೆ ಒಪ್ಪಂದದ ಪ್ರಕಾರ 3,000 ಡಾಲರ್ ದಂಡ ಕಟ್ಟಿ ಅಂದ. ಆ ಸಣ್ಣ ಕಾಲೇಜಿಗೆ ಅದು ದೊಡ್ಡ ದುಡ್ಡು. ವಿದ್ಯಾರ್ಥಿ ಮ್ಯಾನೇಜರ್ ಜಾರ್ಜ್ ಆಲೆನ್ ಅನ್ನುವವನು ಗೆಳೆಯರನ್ನು, ಕಾನೂನು ವಿದ್ಯಾರ್ಥಿಗಳನ್ನು ಗುಡ್ಡೆ ಹಾಕಿಕೊಂಡು ರೈಲು ಹತ್ತಿದ.

ಆಟದ ವಿವರ ಕೇಳಿದರೆ ನಗು ಬರುತ್ತದೆ, ಆಮೇಲೆ ಪಾಪ ಅನ್ನಿಸುತ್ತದೆ. ಮೊದಲ ಕಾಲು ಭಾಗಕ್ಕೆ 63–0. ಅರ್ಧಕ್ಕೆ 126–0. ಒಟ್ಟು 32 ಟಚ್‌ಡೌನ್. ಇಡೀ ಆಟದಲ್ಲಿ ಒಂದೇ ಒಂದು ಫಸ್ಟ್ ಡೌನ್ ಇಲ್ಲ, ಎರಡೂ ಕಡೆ. ಕಂಬರ್‌ಲ್ಯಾಂಡ್‌ಗೆ 10 ಗಜ ಹೋಗಲು ಆಗಲಿಲ್ಲ. ಟೆಕ್‌ಗೆ ಅದರ ಅಗತ್ಯವೇ ಬರಲಿಲ್ಲ, ಚೆಂಡು ಸಿಕ್ಕರೆ ನಾಲ್ಕು ಪ್ರಯತ್ನದೊಳಗೆ ಗೆರೆ ದಾಟುತ್ತಿದ್ದರು. ಪಾಸ್ ಎಸೆದು ನೋಡಿದ್ದು ಕಂಬರ್‌ಲ್ಯಾಂಡ್ ಹುಡುಗರೇ, ಅವುಗಳಲ್ಲಿ ಕೆಲವು ಸೀದಾ ಟೆಕ್‌ನವರ ಕೈಗೆ ಹೋದವು. ಕೈಜಾರಿ ಉರುಳಿಹೋಗುತ್ತಿದ್ದ ಚೆಂಡನ್ನು ತೋರಿಸಿ ಒಬ್ಬ, ಎತ್ತಿಕೋ ಅಂತ ಕೂಗಿದನಂತೆ. ಬೀಳಿಸಿದವನು ನೀನು, ನೀನೇ ಎತ್ತಿಕೋ ಅಂದನಂತೆ ಇನ್ನೊಬ್ಬ. ನಿಜವೋ ಕಟ್ಟುಕತೆಯೋ, ಅವರ ಪಾಡು ಇದರಲ್ಲೇ ಇದೆ. ವಿರಾಮದ ಹೊತ್ತಿನಲ್ಲಿ ಹೈಸ್‌ಮನ್ ತನ್ನ ಹುಡುಗರಿಗೆ, ಮುಂದಿದ್ದೇವೆ ಅಂತ ಮೈಮರೆಯಬೇಡಿ, ಅವರು ಏನು ಇಟ್ಟುಕೊಂಡಿದ್ದಾರೋ ಹೇಳಲಾಗದು ಅಂದನಂತೆ. ನಾಟಕದವನಲ್ವಾ! ಕೊನೆಗೆ ದ್ವಿತೀಯಾರ್ಧದ ಸಮಯವನ್ನು ಕಮ್ಮಿ ಮಾಡಿದರು. ಕ್ರಿಕೆಟ್ಟಾದರೆ ಡಿಕ್ಲೇರ್ ಮಾಡಬಹುದಿತ್ತು, ಈ ಆಟದಲ್ಲಿ ಆ ಸೌಲಭ್ಯವಿಲ್ಲ.

ಬೇಸ್‌ಬಾಲ್ ಸೇಡು ಒಂದು ಕಾರಣ. ಇನ್ನೊಂದೂ ಇತ್ತು. ಆಗ ಪತ್ರಿಕೆಯವರು ಒಟ್ಟು ಎಷ್ಟು ಪಾಯಿಂಟ್ ಹೊಡೆದರು ಅಂತ ಕೂಡಿಸಿ ತಂಡಗಳ ಯೋಗ್ಯತೆ ಅಳೆಯುತ್ತಿದ್ದರು. ಅದು ಅರ್ಥವಿಲ್ಲದ ಲೆಕ್ಕ, ಸಿಕ್ಕಿದ ಸಣ್ಣ ತಂಡವನ್ನು ಚಚ್ಚಿದರೆ ಪಾಯಿಂಟ್ ಎಷ್ಟಾದರೂ ಬರುತ್ತದೆ ಅನ್ನುವುದು ಹೈಸ್‌ಮನ್ ವಾದ. ಅದನ್ನು ಸಾಬೀತು ಮಾಡಿದ ಅನ್ನುತ್ತಾರೆ. ವಾದ ಸರಿಯೇ. ಆದರೆ ವಾದ ಗೆಲ್ಲಲು ಬೇರೆಯವರ ಮಕ್ಕಳ ಮೈ ಬಳಸಿಕೊಳ್ಳುವುದು? ನೀವು ಕೇಳಿದ್ದಕ್ಕೆ ನೇರ ಉತ್ತರ ಇಷ್ಟು: ಹೌದು ಮೇಷ್ಟ್ರೇ, ಆ ದಿನ ಆತ ಕಟುಕನೇ. ಅರ್ಧಕ್ಕೇ ನಿಲ್ಲಿಸಿ ಎಲ್ಲರನ್ನೂ ಊಟಕ್ಕೆ ಕರೆದಿದ್ದರೆ ಆಗುತ್ತಿತ್ತು.

ಅದು ಆ ತಂಡದ ದೊಡ್ಡ ಸಾಧನೆಯೂ ಅಲ್ಲ. 1914ರಿಂದ 1918ರ ನಡುವೆ ಟೆಕ್ ಸತತ 33 ಪಂದ್ಯ ಸೋಲಲಿಲ್ಲ. 1917ರ ತಂಡ ಒಂಬತ್ತಕ್ಕೆ ಒಂಬತ್ತು ಗೆದ್ದು, ದಕ್ಷಿಣದಿಂದ ರಾಷ್ಟ್ರೀಯ ಚಾಂಪಿಯನ್ ಅನ್ನಿಸಿಕೊಂಡ ಮೊದಲ ತಂಡವಾಯಿತು. ಆ ವರ್ಷ ಹೈಸ್‌ಮನ್ ಓದಿದ ಪೆನ್ಸಿಲ್ವೇನಿಯಾ ತಂಡವನ್ನೇ 41–0ರಲ್ಲಿ ಸೋಲಿಸಿದರು. ತಂಡದ ತಾರೆ ಎವರೆಟ್ ಸ್ಟ್ರಪ್ಪರ್‌ಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ತುಟಿ ನೋಡಿಯೇ ಸೂಚನೆ ತಿಳಿದುಕೊಳ್ಳುತ್ತಿದ್ದ. ಇನ್ನೊಬ್ಬ ಜೋ ಗಯಾನ್, ಮೂಲನಿವಾಸಿ ಒಜಿಬ್ವೆ ಜನಾಂಗದವನು. ಆ ಸೋಲಿಲ್ಲದ ಸರಣಿ ಮುರಿದದ್ದು 1918ರಲ್ಲಿ ಪಿಟ್ಸ್‌ಬರ್ಗ್, 32–0. ಅವರ ಕೋಚ್ ಯಾರು ಗೊತ್ತೇ? 1895ರಲ್ಲಿ ರೆಫ್ರಿ ಮೇಲೆ ಕೂಗಾಡಿದ್ದ ಅದೇ ಪಾಪ್ ವಾರ್ನರ್.

ಟೆಕ್ ಬಿಟ್ಟ ಕಾರಣ ಆಟವಲ್ಲ. ಹೆಂಡತಿ ಎವೆಲಿನ್ ಕೂಡ ನಾಟಕದವಳು. ಇಬ್ಬರೂ ಬೇರೆಯಾಗಲು ನಿರ್ಧರಿಸಿದರು, ಜಗಳವಿಲ್ಲದೆ. ಇಬ್ಬರೂ ಒಂದೇ ಊರಲ್ಲಿದ್ದರೆ ನೋಡುವವರಿಗೂ ಮುಜುಗರ, ಅವಳು ಯಾವ ಊರು ಆರಿಸುತ್ತಾಳೋ ಅದನ್ನು ನಾನು ಬಿಡುತ್ತೇನೆ ಅಂದ. ಅವಳು ಅಟ್ಲಾಂಟಾ ಅಂದಳು. ಈತ ಹೊರಟ.

ಆಮೇಲಿನದು ಇಳಿಜಾರು. ಪೆನ್ಸಿಲ್ವೇನಿಯಾದಲ್ಲಿ ಮೂರು ವರ್ಷ, ಅಂಥದ್ದೇನೂ ಆಗಲಿಲ್ಲ. 1923ರಲ್ಲಿ ವಾಷಿಂಗ್ಟನ್ ಅಂಡ್ ಜೆಫರ್ಸನ್ ಕಾಲೇಜು. ಆ ತಂಡದಲ್ಲಿ ಚಾರ್ಲ್ಸ್ ವೆಸ್ಟ್ ಅನ್ನುವ ಕಪ್ಪು ಆಟಗಾರನಿದ್ದ. ದಕ್ಷಿಣದ ವಾಷಿಂಗ್ಟನ್ ಅಂಡ್ ಲೀ ಕಾಲೇಜಿನವರು, ಅವನನ್ನು ಕೂರಿಸಿದರೆ ಮಾತ್ರ ಆಡುತ್ತೇವೆ ಅಂದರು. ಕಾಲೇಜು ಒಪ್ಪಲಿಲ್ಲ. ಪಂದ್ಯ ನಡೆಯಲೇ ಇಲ್ಲ. ನಂತರ ಟೆಕ್ಸಾಸ್‌ನ ರೈಸ್‌ನಲ್ಲಿ ನಾಲ್ಕು ವರ್ಷ, ಗೆಲುವಿಗಿಂತ ಸೋಲೇ ಜಾಸ್ತಿ. 1927ಕ್ಕೆ ಕೋಚಿಂಗ್ ಮುಗಿಯಿತು. 36 ವರ್ಷ, ಎಂಟು ಕಾಲೇಜು. ಈ ನಡುವೆ 1924ರಲ್ಲಿ ಎಡಿತ್ ಕೋಲ್ ಜೊತೆ ಮದುವೆಯಾದ. ಬುಕ್ಟೆಲ್‌ನಲ್ಲಿ ಕೋಚ್ ಆಗಿದ್ದಾಗ ಆಕೆ ಅಲ್ಲಿ ವಿದ್ಯಾರ್ಥಿನಿ. ಆಗಲೇ ಇಬ್ಬರಿಗೂ ಇಷ್ಟವಿತ್ತು, ಆಕೆಗೆ ಕ್ಷಯ ಬಂದದ್ದರಿಂದ ಮದುವೆ ಬೇಡ ಅಂತ ದೂರವಾಗಿದ್ದರು. ಮೂವತ್ತು ವರ್ಷದ ನಂತರ ಮತ್ತೆ ಸಿಕ್ಕಿದರು.

ಇನ್ನು ಪ್ರಶಸ್ತಿ. ನ್ಯೂಯಾರ್ಕ್‌ನ ಡೌನ್‌ಟೌನ್ ಅಥ್ಲೆಟಿಕ್ ಕ್ಲಬ್‌ನಲ್ಲಿ ಹೈಸ್‌ಮನ್ ಕ್ರೀಡಾ ನಿರ್ದೇಶಕನಾಗಿ ಸೇರಿಕೊಂಡ. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಒಂದು ಟ್ರೋಫಿ ಕೊಡೋಣ ಅಂತ ಕ್ಲಬ್‌ನವರು ಅಂದಾಗ ಆತ ಮೊದಲು ಬೇಡ ಅಂದ. ಹನ್ನೊಂದು ಜನ ಸೇರಿ ಆಡುವ ಆಟದಲ್ಲಿ ಒಬ್ಬನನ್ನು ಎತ್ತಿ ಹಿಡಿಯುವುದು ಹೇಗೆ ಅಂತ. ಆಮೇಲೆ ಒಪ್ಪಿದ. 1935ರಲ್ಲಿ ಮೊದಲ ಟ್ರೋಫಿ ಚಿಕಾಗೋದ ಜೇ ಬರ್ವ್ಯಾಂಗರ್‌ಗೆ ಹೋಯಿತು. ಆಗ ಅದಕ್ಕೆ ಕ್ಲಬ್ಬಿನ ಹೆಸರೇ ಇತ್ತು. 1936ರ ಅಕ್ಟೋಬರ್ 3ರಂದು ಹೈಸ್‌ಮನ್ ನ್ಯುಮೋನಿಯಾದಿಂದ ತೀರಿಕೊಂಡ. ಆ ವರ್ಷದ ಟ್ರೋಫಿಗೆ ಕ್ಲಬ್‌ನವರು ಅವನ ಹೆಸರಿಟ್ಟರು. ಆ ಹೆಸರಲ್ಲಿ ಮೊದಲು ಪಡೆದವನು ಯೇಲ್‌ನ ಲ್ಯಾರಿ ಕೆಲ್ಲಿ. ಹೌದು, ವಾಲ್ಟರ್ ಕ್ಯಾಂಪ್‌ನ ಯೇಲ್.

ಹಾಗಾಗಿ ಯಾಕೆ ಅವನ ಹೆಸರು ಅಂದರೆ, ಶ್ರೇಷ್ಠ ಕೋಚ್ ಯಾರು ಅಂತ ತೂಗಿ ನೋಡಿ ಇಟ್ಟದ್ದಲ್ಲ. ಆತ ಆ ಕ್ಲಬ್ಬಿನ ನೌಕರ, ಎಲ್ಲರಿಗೂ ಬೇಕಾದವನು, ಆ ವರ್ಷ ಸತ್ತ. ವಾರ್ನರ್ ಆ ಕ್ಲಬ್ಬಿನಲ್ಲಿದ್ದಿದ್ದರೆ ಬಹುಶಃ ವಾರ್ನರ್ ಟ್ರೋಫಿ ಆಗುತ್ತಿತ್ತು. ಇನ್ನೂ ಒಂದು ಮಾತು. ಕಂಚಿನ ಆ ಪ್ರತಿಮೆಯ ಫೋಟೋ ಒಮ್ಮೆ ನೋಡಿ. ಒಂದು ಕೈಯನ್ನು ಮುಂದೆ ಚಾಚಿ ಎದುರಾಳಿಯನ್ನು ತಳ್ಳುತ್ತಾ, ಇನ್ನೊಂದು ಕೈಯಲ್ಲಿ ಚೆಂಡನ್ನು ಕಂಕುಳಿಗೆ ಒತ್ತಿಕೊಂಡು ಓಡುವವನು. ಎಸೆಯುವವನಲ್ಲ. ಈಚಿನ ವರ್ಷಗಳಲ್ಲಿ ಅದನ್ನು ಗೆಲ್ಲುವವರಲ್ಲಿ ಹೆಚ್ಚಿನವರು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳು.

ನಿಮ್ಮ ಸೋದರಳಿಯನಿಗೆ ಒಂದು ಕೆಲಸ ಹೇಳಿ. 222–0 ಆದ ಮೈದಾನದ ಜಾಗದಲ್ಲೇ ಇವತ್ತೂ ಟೆಕ್ ಆಡುತ್ತದೆ, ಬಾಬಿ ಡಾಡ್ ಸ್ಟೇಡಿಯಂ ಅನ್ನುತ್ತಾರೆ. ಆ ದಿನದ ಚೆಂಡು 2014ರಲ್ಲಿ ಹರಾಜಿಗೆ ಬಂದು ಸುಮಾರು 40 ಸಾವಿರ ಡಾಲರ್‌ಗೆ ಹೋಯಿತು. ಕೊಂಡವರು ಅದನ್ನು ಟೆಕ್‌ಗೇ ಕೊಟ್ಟರು. ಎಲ್ಲಿಟ್ಟಿದ್ದಾರೆ ಅಂತ ವಿಚಾರಿಸಿ, ಒಂದು ಫೋಟೋ ತೆಗೆದು ಮಾವನಿಗೆ ಕಳಿಸಲಿ. ಇವತ್ತಿನ ಚೆಂಡಿನ ಪಕ್ಕ ಇಟ್ಟು ನೋಡಿದರೆ ಅದು ಎಷ್ಟು ದಪ್ಪ ಅಂತ ತಿಳಿಯುತ್ತದೆ. ಅಂಥದ್ದನ್ನು ಒಂದೇ ಕೈಯಲ್ಲಿ ಹಿಡಿದು ಗುರಿಯಿಟ್ಟು ಎಸೆಯುವುದು ಎಷ್ಟು ಕಷ್ಟ ಅಂತ ಪಿ.ಟಿ. ಮೇಷ್ಟ್ರಿಗೆ ನಾನು ಹೇಳಬೇಕಿಲ್ಲ.